ಸುಮ್ನೆ ಒಂದು ಪ್ಲೇಟು

“ಹಾಡು ಚೆನ್ನಾಗಿದೆ. ಆದರೆ ನಿಮ್ಮ ‘ಸ’ ಜಾಸ್ತಿಯಾಯಿತು.”

ಓಣಂ ರಜೆಯ ಮೊದಲ ದಿನ ಬಂದ ಇಮೇಲಿನ ಸಾರ ಇಷ್ಟೇ. ಬರೆದವರು ಯುರೋಪಿನಲ್ಲಿ ಹಾಡುಗಳನ್ನು ಪ್ಲೇಟಿಗೆ, ಅಂದರೆ ಗ್ರಾಮಫೋನ್ ರೆಕಾರ್ಡಿಗೆ, ಕೊರೆದು ಕೊಡುವ ಒಬ್ಬರು. ಓದಿದವಳು ಕಾಸರಗೋಡು ಜಿಲ್ಲೆಯ ಒಬ್ಬ ಕನ್ನಡ ಟೀಚರ್. ಹನ್ನೊಂದು ವರ್ಷದಿಂದ ಮಕ್ಕಳ ಬಾಯಲ್ಲಿ ಸ, ಶ, ಷ ಮೂರನ್ನೂ ಬೇರೆ ಬೇರೆ ಹೇಳಿಸುತ್ತಾ ಬಂದಿದ್ದೇನೆ. ‘ಶಂಕರ’ ಹೋಗಿ ‘ಸಂಕರ’ ಆದರೆ ಪಾಠ ಅಲ್ಲೇ ನಿಲ್ಲುತ್ತದೆ. ಅಂಥವಳಿಗೆ ನಿನ್ನ ‘ಸ’ ಸರಿಯಿಲ್ಲ ಅಂದರೆ ಹೇಗಾಗಬೇಡ?

ಮಂಡೆ ಬಿಸಿಯಾಯಿತು. ನಾದಿನಿಗೆ ಫೋನ್ ಮಾಡಿದೆ. “ಅತ್ತಿಗೆ, ಅದು ಉಚ್ಚಾರದ ವಿಷಯ ಅಲ್ಲ, ಸೂಜಿಯ ವಿಷಯ” ಅಂದಳು. ಅವಳಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅರ್ಥವಾಗಲು ನಮಗೆ ಮತ್ತೆರಡು ವಾರ ಹಿಡಿಯಿತು.

ಮೊದಲು ನಮ್ಮ ಬ್ಯಾಂಡಿನ ಬಗ್ಗೆ ಹೇಳುತ್ತೇನೆ. ನಾವು ನಾಲ್ಕು ಜನ. ಹಾಡುವುದು ಮತ್ತು ರಿದಮ್ ಗಿಟಾರ್ ನನ್ನದು. ಬೇಸ್ ಗಿಟಾರ್ ನಾದಿನಿಯದು. ಡ್ರಮ್ಸ್ ಚಿಕ್ಕಪ್ಪನ ಮಗನದು, ಅವನು ಸಣ್ಣದಿರುವಾಗ ಮದ್ದಳೆ ಕಲಿತವನು. ಲೀಡ್ ಗಿಟಾರಿನ ಹುಡುಗ ಉಪ್ಪಳದವನು. ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ನಮ್ಮೊಟ್ಟಿಗೆ ಕನ್ನಡ, ಸಿಟ್ಟು ಬಂದರೆ ಮೂರೂ. ಅಭ್ಯಾಸ ನಡೆಯುವುದು ಬದಿಯಡ್ಕದ ಹತ್ತಿರ ನಮ್ಮ ಮನೆಯ ಹಿಂದೆ, ಅಡಿಕೆ ತುಂಬಿಡುವ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಗೋಣಿ ಚೀಲ ಪೇರಿಸಿರುವುದರಿಂದ ಸದ್ದು ಗುಂಯ್ ಅನ್ನುವುದಿಲ್ಲ. ಅಡಿಕೆಗೆ ರೇಟು ಬಂತು ಅಂತ ಮಾವ ಚೀಲ ಮಾರಿಬಿಟ್ಟರೆ ಮಾತ್ರ ಡ್ರಮ್ಸ್ ಕೇಳುವ ರೀತಿಯೇ ಬೇರೆಯಾಗುತ್ತದೆ.

ನಾವು ಬಾರಿಸುವುದಕ್ಕೆ ಪವರ್ ಪಾಪ್ ಅನ್ನುತ್ತಾರೆ. ಗಿಟಾರ್ ಜೋರಾಗಿರುತ್ತದೆ, ಆದರೆ ಹಾಡಿನ ಧಾಟಿ ಸಿಹಿ. ಮೂರು ನಿಮಿಷದೊಳಗೆ ಮುಗಿಯಬೇಕು, ಮುಗಿದ ಮೇಲೆ ಪಲ್ಲವಿ ಬಾಯಲ್ಲೇ ಉಳಿಯಬೇಕು. ಆ ಹೆಸರನ್ನು ಮೊದಲು ಹೇಳಿದ್ದು ಇಂಗ್ಲೆಂಡಿನ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್, 1967ರಲ್ಲಿ. ಕಾಸರಗೋಡಿನ ಕನ್ನಡದವರಿಗೆ 1967 ಅಂದರೆ ಮಹಾಜನ್ ವರದಿ. ಚಂದ್ರಗಿರಿ ಹೊಳೆಯ ಬಡಗು ಭಾಗ ಕನ್ನಡನಾಡಿಗೆ ಸೇರಲಿ ಅಂತ ಹೇಳಿದ ವರದಿ. ಅದು ಇವತ್ತಿಗೂ ಕಪಾಟಿನಲ್ಲಿದೆ. ಪವರ್ ಪಾಪ್ ಮಾತ್ರ ಹೇಗೋ ಬದಿಯಡ್ಕದವರೆಗೆ ಬಂತು!

ಹೆಂಗಸು ಮುಂದೆ ನಿಂತು ಹಾಡುವ ಇಂಥ ತಂಡಗಳು ಹೊಸತೇನಲ್ಲ. ಬ್ಲಾಂಡಿ ಇತ್ತು, ಬ್ಯಾಂಗಲ್ಸ್ ಇತ್ತು. ‘ಗೋ-ಗೋಸ್’ ಅಂತ ಐದು ಹೆಂಗಸರ ತಂಡ 1982ರಲ್ಲಿ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಾಡು ಅವರೇ ಬರೆದದ್ದು, ವಾದ್ಯ ಅವರೇ ಬಾರಿಸಿದ್ದು. ಹಾಗೆ ಏರಿದ ಮೊದಲ ಹೆಂಗಸರ ಬ್ಯಾಂಡು ಅದು. ಇಲ್ಲಿ ನಾನು ಗಿಟಾರ್ ಹಿಡಿದು ಸ್ಟೇಜಿಗೆ ಹತ್ತಿದರೆ ಇವತ್ತಿಗೂ ಮೊದಲ ಪ್ರಶ್ನೆ, “ಭಾವಗೀತೆಯಾ ಟೀಚರ್?” ಎರಡನೆಯದು, ನಾದಿನಿಯ ಬೇಸ್ ಕಡೆ ನೋಡಿ, “ಇದನ್ನು ಬಾರಿಸುವವರು ಬರಲಿಲ್ಲವಾ?”

ಪ್ಲೇಟು ಮಾಡಿಸುವ ಹುಚ್ಚು ಹತ್ತಿಸಿದ್ದು ಮಾವನ ಹಳೇ ಪ್ಲೇಯರ್. ಸೂಟ್‌ಕೇಸಿನ ಹಾಗೆ ಮುಚ್ಚುವಂಥದ್ದು, ನಾಲ್ಕು ಸ್ಪೀಡಿನದು. 16, 33, 45, 78 ಅಂತ ಬದಿಯಲ್ಲಿ ಬರೆದಿದೆ. ನಮ್ಮ ಕಡೆ ಹಿರಿಯರು ಅದರ ಮೇಲೆ ಇಡುವುದನ್ನು ಪ್ಲೇಟು ಅಂತಲೇ ಹೇಳುವುದು, ನನ್ನ ಬಾಯಲ್ಲೂ ಅದೇ ಉಳಿಯಿತು. ಮೊಬೈಲಿನಲ್ಲಿ ಹಾಡು ಹಾಕಿ ಹತ್ತು ಸೆಕೆಂಡಿಗೆ ಬದಲಾಯಿಸುವ ನನ್ನ ಮಗಳು ಆ ಪ್ಲೇಯರ್ ಮುಂದೆ ಮಾತ್ರ ಹಾಡು ಮುಗಿಯುವ ತನಕ ಕೂರುತ್ತಾಳೆ. ಪ್ಲೇಟು ತಿರುಗುವುದನ್ನು ನೋಡುತ್ತಾಳೆ, ಅಷ್ಟೇ. ಅಷ್ಟಾದರೂ ಕೂರುತ್ತಾಳಲ್ಲ ಅಂತ ನನಗೆ ಆಸೆ ಹುಟ್ಟಿತು.

ಪೂರ್ತಿ ಆಲ್ಬಮ್ ಮಾಡಿಸುವ ದುಡ್ಡು ಇರಲಿಲ್ಲ. ಹಾಗಾಗಿ ಸಿಂಗಲ್. ಏಳು ಇಂಚಿನ ಪ್ಲೇಟು, ಆಚೆ ಒಂದು ಹಾಡು, ಈಚೆ ಒಂದು ಹಾಡು. ಅಮೆರಿಕದ ಆರ್‌ಸಿಎ ಕಂಪನಿ 1949ರಲ್ಲಿ ತಂದ ಅಳತೆ ಅದು. ನಿಮಿಷಕ್ಕೆ 45 ಸುತ್ತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳಿಗೆ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧ ಏನೂ ಇಲ್ಲ. ಆದರೆ ಕನ್ನಡ ಟೀಚರಿಗೆ ಇಸವಿ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇಕಾ?

ನಾನು ಚೀಟಿ ಎತ್ತಿದೆ. ನಾದಿನಿ ಅವಳ ಸಂಬಳದಿಂದ ಹಾಕಿದಳು. ಹುಡುಗರು ಇಬ್ಬರೂ ಮದುವೆ ಮನೆಗಳಲ್ಲಿ ಬಾರಿಸಿ ಕೂಡಿಟ್ಟದ್ದನ್ನು ತಂದರು. 300 ಪ್ಲೇಟಿಗಿಂತ ಕಡಿಮೆ ಒತ್ತುವುದಿಲ್ಲ ಅಂತ ನಾವು ಹಿಡಿದ ಕಾರ್ಖಾನೆಯವರು ಹೇಳಿದ್ದರು. ಎಲ್ಲ ಸೇರಿಸಿ ಕೊನೆಗೆ ಒಂದು ಪ್ಲೇಟಿಗೆ ಸುಮಾರು 850 ರೂಪಾಯಿ ಬಿತ್ತು. ಇದನ್ನು ಅತ್ತೆಗೆ ಇನ್ನೂ ಹೇಳಿಲ್ಲ.

ರೆಕಾರ್ಡಿಂಗ್ ಮಂಗಳೂರಿನಲ್ಲಿ, ಬೇಸಿಗೆ ರಜೆಯಲ್ಲಿ, ನಾಲ್ಕು ದಿನ. ಬೆಳಿಗ್ಗೆ ಬಸ್ಸಿಗೆ ಹೋಗುವುದು, ತಲಪಾಡಿಯ ಗಡಿ ದಾಟುವಾಗ ಡ್ರಮ್ಮಿನ ಚೀಲ ಏನೆಂದು ವಿವರಿಸುವುದು, ರಾತ್ರಿ ವಾಪಸ್. ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಜಗಳ ಆದದ್ದು ಎರಡನೇ ಬದಿಯ ಹಾಡಿನ ಬಗ್ಗೆ. ಅದು 4 ನಿಮಿಷ 40 ಸೆಕೆಂಡ್ ಇತ್ತು. 45 ಸುತ್ತಿನಲ್ಲಿ ಏಳು ಇಂಚಿನ ಒಂದು ಬದಿಗೆ ನಾಲ್ಕು ನಿಮಿಷ ಆರಾಮಾಗಿ ಹಿಡಿಸುತ್ತದೆ. ಅದಕ್ಕಿಂತ ಉದ್ದ ಬೇಕಾದರೆ ಸೂಜಿ ಓಡುವ ಗೆರೆಗಳನ್ನು ಒತ್ತೊತ್ತಾಗಿ ಹಾಕಬೇಕು, ಆಗ ಸದ್ದು ತಗ್ಗಿಸಬೇಕು. ಸದ್ದು ತಗ್ಗಿದರೆ ಪ್ಲೇಟಿನ ಕರಕರ ಮೇಲೆ ಬರುತ್ತದೆ. ಉಪ್ಪಳದ ಹುಡುಗ ತನ್ನ ಗಿಟಾರ್ ಸೋಲೋ ಬಿಟ್ಟುಕೊಡಲು ತಯಾರಿರಲಿಲ್ಲ. “ಟೀಚರ್, ನಿಮ್ಮ ಮೂರನೇ ಚರಣ ತೆಗೀರಿ, ಅದರಲ್ಲಿ ಎಂತ ಉಂಟು?” ಅಂದ. ನಾನು ಮನೆಗೆ ಬಂದು ಮೂರನೇ ಚರಣ ಓದಿ ನೋಡಿದೆ. ನಿಜಕ್ಕೂ ಅದರಲ್ಲಿ ಎಂತದೂ ಇರಲಿಲ್ಲ. ತೆಗೆದೆ. ಸೋಲೋ ಅರ್ಧ ಉಳಿಯಿತು. 3 ನಿಮಿಷ 50.

ಮೊದಲ ಬದಿಯ ಹಾಡಿನ ಹೆಸರು ‘ಸುಮ್ನೆ’. ಅದರ ಪಲ್ಲವಿ ಹೀಗೆ:

ಸುಮ್ನೆ ಸಿಟ್ಟು, ಸುಮ್ನೆ ಸಿಟ್ಟು,
ಸಂಜೆ ಬಸ್ಸು ಹೋಯ್ತು ಬಿಟ್ಟು.

ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಐದು ಗಂಟೆಗೆ ನಿಂತವರಿಗೆಲ್ಲ ಗೊತ್ತಿರುವ ವಿಷಯ. ಬರೆಯುವಾಗ ‘ಸ’ದ ಪ್ರಾಸ ಚಂದ ಕಂಡಿತ್ತು. ಅದೇ ನಮ್ಮ ಕುತ್ತಿಗೆಗೆ ಬಂತು.

ಕೊರೆಯುವವರು ಬರೀ ಇಮೇಲ್ ಬರೆದಿರಲಿಲ್ಲ, ಪರೀಕ್ಷೆಗೆ ಅಂತ ಹಾಡಿನ ಸ್ವಲ್ಪ ಭಾಗ ಕೊರೆದು, ಅದನ್ನು ಸೂಜಿಯಿಂದ ನುಡಿಸಿ, ಬಂದ ಸದ್ದನ್ನು ಫೈಲ್ ಮಾಡಿ ಕಳಿಸಿದ್ದರು. ಇಯರ್‌ಫೋನ್ ಹಾಕಿ ಕೇಳಿದೆ. ಗಿಟಾರ್ ಚೆನ್ನಾಗಿತ್ತು, ಬೇಸ್ ಗುಂಡಗೆ ಇತ್ತು. ನನ್ನ ಧ್ವನಿ ಬಂತು. “ಛ್ಛುಮ್ನೆ ಛ್ಛಿಟ್ಟು.” ಬಿಸಿ ಕಾವಲಿಗೆ ನೀರು ಎರಚಿದ ಹಾಗೆ.

ಕಾರಣ ಹೀಗಿದೆ. ಬೇಸಿನ ದಪ್ಪ ಸ್ವರಕ್ಕೆ ಗೆರೆ ತುಂಬ ಅಗಲ ಓಲಾಡುತ್ತದೆ. ಹಾಗೇ ಬಿಟ್ಟರೆ ಪ್ಲೇಟಿನಲ್ಲಿ ಜಾಗ ಸಾಲುವುದಿಲ್ಲ. ಅದಕ್ಕೆ ಕೊರೆಯುವಾಗ ದಪ್ಪ ಸ್ವರ ತಗ್ಗಿಸಿ, ಚೂಪು ಸ್ವರ ಏರಿಸುತ್ತಾರೆ. ನುಡಿಸುವಾಗ ಇದರ ಉಲ್ಟಾ ಮಾಡಿ ಸರಿದೂಗಿಸುತ್ತಾರೆ. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಅನ್ನುವ ಲೆಕ್ಕ 1954ರಿಂದ ಒಂದೇ ಇದೆ. ‘ಸ’ ಅನ್ನುವುದು ಚೂಪಿನಲ್ಲಿ ಚೂಪು. ಅದರ ಬಲವೆಲ್ಲ 5ರಿಂದ 8 ಸಾವಿರ ಹರ್ಟ್ಸ್ ನಡುವೆ. ಮೊದಲೇ ಚೂಪು, ಅದರ ಮೇಲೆ ಏರಿಸಿದ್ದು. ಗೆರೆ ಎಷ್ಟು ಗಡಿಬಿಡಿಯಲ್ಲಿ ಅಂಕುಡೊಂಕಾಗುತ್ತದೆ ಅಂದರೆ ನುಡಿಸುವ ಸೂಜಿ ಅದರ ಹಿಂದೆ ಓಡಲಾರದೆ ಮುಗ್ಗರಿಸುತ್ತದೆ. ಆ ಮುಗ್ಗರಿಸಿದ ಸದ್ದೇ ‘ಛ್ಛ’. ‘ಶ’ ಇಷ್ಟು ಕಾಟ ಕೊಡುವುದಿಲ್ಲ, ಅದು ಸ್ವಲ್ಪ ಕೆಳಗಿನ ಸ್ವರ. ಅದಕ್ಕೇನು ಮಾಡುವುದು, ಸಿಟ್ಟಿಗೆ ‘ಶಿಟ್ಟು’ ಅಂತ ಹಾಡಲು ಆಗುತ್ತದಾ?

ಇದಕ್ಕೆ ಕಂಪ್ಯೂಟರಿನಲ್ಲಿ ಒಂದು ಮದ್ದು ಇದೆ. ‘ಡಿ-ಎಸ್ಸರ್’ ಅಂತ ಹೆಸರು. ‘ಸ’ ಬಂದ ಕೂಡಲೇ ಅದರ ತಲೆ ತಗ್ಗಿಸುವ ಸಾಧನ. ಮಂಗಳೂರಿನ ಸ್ಟುಡಿಯೋದಲ್ಲಿ ಅದನ್ನು ಧಾರಾಳ ಹಾಕಿ ಕಳಿಸಿದರು. ಕೇಳಿದರೆ “ಥುಮ್ನೆ ಥಿಟ್ಟು”. ಎದುರಿನ ಹಲ್ಲು ಬಿದ್ದ ಒಂದನೇ ಕ್ಲಾಸಿನ ಮಗು ಹಾಡಿದ ಹಾಗೆ. “ಪರವಾಗಿಲ್ಲಮ್ಮ, ಯಾರಿಗೂ ಗೊತ್ತಾಗಲ್ಲ” ಅಂದರು. ಯಾರಿಗೂ ಗೊತ್ತಾಗದಿದ್ದರೂ ನನ್ನ ಕ್ಲಾಸಿನ ಮೂವತ್ತೆರಡು ಮಕ್ಕಳಿಗೆ ಗೊತ್ತಾಗುತ್ತದೆ. ಮಾರನೇ ದಿನದಿಂದ ಯಾವ ಮುಖ ಇಟ್ಟುಕೊಂಡು ‘ಸ’ ತಿದ್ದಲಿ?

ಇಲ್ಲಿ ಒಂದು ಮಾತು. ಗಂಡು ಧ್ವನಿಗಿಂತ ಹೆಣ್ಣು ಧ್ವನಿಯ ‘ಸ’ ಹೆಚ್ಚು ಚೂಪು. ಅದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ, ಧ್ವನಿಯನ್ನು ಸ್ವಲ್ಪ ಹಿಂದೆ ಹಾಕಿ. ಗಿಟಾರ್ ಮುಂದೆ ಇರಲಿ, ಹಾಡು ಒಳಗಿಂದ ಬಂದ ಹಾಗೆ ಇರಲಿ. ಸಲಹೆಯಲ್ಲಿ ಕೆಟ್ಟದ್ದೇನೂ ಇಲ್ಲ, ಸೂಜಿ ಮುಗ್ಗರಿಸುವುದಿಲ್ಲ. ಆದರೆ ಅಡುಗೆ ಮನೆಯಿಂದ ಕೇಳಿಸಿದ ಹಾಗೆ ಹಾಡುವುದಾದರೆ ನಾನು ಚೀಟಿ ಎತ್ತಿ ಪ್ಲೇಟು ಯಾಕೆ ಮಾಡಿಸಬೇಕು? ಪವರ್ ಪಾಪಿನಲ್ಲಿ ಧ್ವನಿ ಹಿಂದೆ ಹೋದರೆ ಉಳಿಯುವುದು ಬರೀ ಪವರ್. “ಧ್ವನಿ ಇದ್ದಲ್ಲೇ ಇರಲಿ, ‘ಸ’ ನಾನು ನೋಡಿಕೊಳ್ಳುತ್ತೇನೆ” ಅಂತ ಬರೆದೆ. ಬರೆದ ಮೇಲೆ ಎದೆ ಢವಢವ ಅಂದಿತು, ಸುಳ್ಳು ಯಾಕೆ ಹೇಳಲಿ.

ದಾರಿ ತೋರಿಸಿದ್ದು ಆ ಕೊರೆಯುವವರೇ. ಮೈಕಿನ ಎದುರಿಗೆ ಒಂದು ಪೆನ್ಸಿಲ್ ಕಟ್ಟಿ ಅಂದರು. ಮೊದಲು ತಮಾಷೆ ಅಂದುಕೊಂಡೆ. ಅಲ್ಲವಂತೆ, ಸ್ಟುಡಿಯೋಗಳಲ್ಲಿ ಹಳೇ ಉಪಾಯ. ಬಾಯಿಯಿಂದ ನೆಟ್ಟಗೆ ಬರುವ ಗಾಳಿಯನ್ನು ಪೆನ್ಸಿಲ್ ಸೀಳಿ ಎರಡು ಬದಿಗೆ ಕಳಿಸುತ್ತದೆ. ನನ್ನ ಬ್ಯಾಗಿನಲ್ಲಿ ಪೆನ್ಸಿಲಿಗೆ ಬರವೇ? ಮಕ್ಕಳಿಂದ ಕಿತ್ತಿಟ್ಟದ್ದೇ ಆರು ಇದ್ದವು. ಕೆಂಪು ಕಪ್ಪು ಪಟ್ಟಿಯ ಒಂದನ್ನು ಎರಡು ರಬ್ಬರ್ ಬ್ಯಾಂಡ್ ಹಾಕಿ ಮೈಕಿನ ನಟ್ಟ ನಡುವೆ ನಿಲ್ಲಿಸಿ ಕಟ್ಟಿದೆವು. ಒಂದು ತುದಿಯಲ್ಲಿ ಯಾರದೋ ಹಲ್ಲಿನ ಗುರುತು ಇತ್ತು. ಮೈಕನ್ನು ನನ್ನ ಮೂಗಿನ ಮಟ್ಟಕ್ಕೆ ಏರಿಸಿ ಸ್ವಲ್ಪ ಓರೆ ಮಾಡಿದೆವು. ಈ ಸಲ ಮಂಗಳೂರಿಗೆ ಹೋಗಲಿಲ್ಲ. ಅಡಿಕೆ ಕೋಣೆಯಲ್ಲೇ, ರಾತ್ರಿ ಹತ್ತರ ಮೇಲೆ, ಮಳೆ ಬಿಟ್ಟ ಹೊತ್ತು ನೋಡಿ ಹಾಡಿದೆ.

‘ಸ’ ಹೇಳುವುದನ್ನೂ ಬದಲಾಯಿಸಬೇಕಾಯಿತು. ಕ್ಲಾಸಿನಲ್ಲಿ ಕೊನೆ ಬೆಂಚಿಗೂ ಕೇಳಲಿ ಅಂತ ನಾನು ‘ಸ’ವನ್ನು ಎಳೆದು ಒತ್ತಿ ಹೇಳುತ್ತೇನೆ. ಇಲ್ಲಿ ಮುಟ್ಟಿ ಬಿಡಬೇಕು. ನಾಲಗೆ ಹಲ್ಲಿನ ಹಿಂದೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ‘ಉ’ಕಾರಕ್ಕೆ ಹೋಗಿಬಿಡಬೇಕು. ನಿದ್ದೆ ಮಾಡುವ ಮಗುವಿನ ಹತ್ತಿರ ‘ಸುಮ್ನಿರು’ ಅಂದ ಹಾಗೆ. ಗಂಟಲು ಜೋರು, ‘ಸ’ ಮಾತ್ರ ಮೆತ್ತಗೆ. ಹದಿನಾಲ್ಕು ಸಲ ಹಾಡಿದೆ. ಹದಿನೈದನೆಯದಕ್ಕೆ ಹೊರಗಿಂದ ಅತ್ತೆ, “ಎಂತದು ಮಾರಾಯ್ತಿ, ಬಸ್ಸು ಇನ್ನೂ ಬರಲಿಲ್ಲವಾ?” ಅಂದರು. ಹತ್ತನೆಯದನ್ನೇ ಇಟ್ಟುಕೊಂಡೆವು.

ಮತ್ತೆ ಒಂದೊಂದು ‘ಸ’ವನ್ನೂ ಕೈಯಿಂದ ತಗ್ಗಿಸುವ ಕೆಲಸ. ಡಿ-ಎಸ್ಸರ್ ಎಲ್ಲದಕ್ಕೂ ಒಂದೇ ಪೆಟ್ಟು ಹಾಕುತ್ತದೆ. ಕೈಯಲ್ಲಾದರೆ ಯಾವುದಕ್ಕೆ ಎಷ್ಟು ಬೇಕೋ ಅಷ್ಟು. ಡ್ರಮ್ಸಿನ ತಮ್ಮ, ಅದೇ ಚಿಕ್ಕಪ್ಪನ ಮಗ, ಲ್ಯಾಪ್‌ಟಾಪಿನಲ್ಲಿ ಸದ್ದಿನ ಅಲೆಗಳ ಚಿತ್ರ ತೆರೆದ. ‘ಸ’ ಇರುವಲ್ಲಿ ಕಂಬಳಿಹುಳದ ಹಾಗೆ ಕಾಣುತ್ತದೆ. ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಇಡೀ ಹಾಡಿನಲ್ಲಿ 41 ಕಂಬಳಿಹುಳ. ‘ಬಸ್ಸು’ವಿನ ಒತ್ತು ‘ಸ’ ಎಲ್ಲಕ್ಕಿಂತ ದಪ್ಪದ್ದು. ಉತ್ತರಪತ್ರಿಕೆ ತಿದ್ದಿದ ಹಾಗೆ ಎರಡು ರಾತ್ರಿ ತಿದ್ದಿದೆವು.

ಅಷ್ಟಾದರೂ ಹಾಡಿನ ಕೊನೆ ಸರಿಯಾಗಲಿಲ್ಲ. ಪ್ಲೇಟು ಒಂದೇ ವೇಗದಲ್ಲಿ ತಿರುಗುತ್ತದೆ, ಸರಿ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಶುರುವಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಗೆರೆ ಹಾದುಹೋದರೆ, ಕೊನೆಗೆ ಬರುವಾಗ ಅದು 25ಕ್ಕೆ ಇಳಿದಿರುತ್ತದೆ. ಅದೇ ‘ಸ’ವನ್ನು ಕಡಿಮೆ ಜಾಗದಲ್ಲಿ ತುರುಕಬೇಕು. ನಮ್ಮ ಹಾಡಿನಲ್ಲಿ ‘ಸುಮ್ನೆ ಸಿಟ್ಟು’ ಸಾಲುಗಟ್ಟಿ ಬರುವುದು ಕೊನೆಯಲ್ಲೇ! ಕೊನೆಯ ನಾಲ್ಕು ಸಲ ಮಾತು ತೆಗೆದು ಅದೇ ಧಾಟಿಗೆ ‘ಆ ಆ ಆ’ ಹಾಡಿದೆವು. ನಾದಿನಿ ಕೆಳಗಿನ ಸ್ವರ ಸೇರಿಸಿದಳು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಹಾಡಿನಲ್ಲಿ ಈಗ ಅದೇ ಚಂದದ ಭಾಗ. ಬರೆದದ್ದು ನಾನಲ್ಲ, ಪ್ಲೇಟು.

ಮುಂದಿನದು ನಮ್ಮ ಕೈಯಲ್ಲಿ ಇಲ್ಲದ ಕೆಲಸ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಲ್ಯಾಕರ್ ಅನ್ನುವ ಅರಗಿನಂಥ ಲೇಪ ಹಚ್ಚಿರುತ್ತಾರೆ, ಅದರ ಮೇಲೆ ಹಾಡು ಕೊರೆಯುತ್ತಾರೆ. ಈ ತಟ್ಟೆಗಳನ್ನು ಜಗತ್ತಿಗೆಲ್ಲ ಮಾಡಿಕೊಡುತ್ತಿದ್ದದ್ದು ಮುಖ್ಯವಾಗಿ ಎರಡೇ ಕಾರ್ಖಾನೆ. ಅದರಲ್ಲಿ ಕ್ಯಾಲಿಫೋರ್ನಿಯಾದ್ದು 2020ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಜಪಾನಿನದು. ತಟ್ಟೆ ಹಾಳು ಮಾಡಿ ಮತ್ತೊಂದು ಕೇಳುವುದು ಯಾಕೆ ದುಬಾರಿ ಅಂತ ಆಗ ಗೊತ್ತಾಯಿತು.

ಕೊರೆದ ತಟ್ಟೆಗೆ ಬೆಳ್ಳಿ ಸಿಂಪಡಿಸಿ, ನಿಕಲ್ ಕೂರಿಸಿ, ಅದನ್ನು ಬಿಡಿಸಿ ತೆಗೆಯುತ್ತಾರೆ. ಬಿಡಿಸಿದ್ದಕ್ಕೆ ‘ಫಾದರ್’ ಅನ್ನುತ್ತಾರೆ. ಗೆರೆ ಇದ್ದಲ್ಲಿ ಅದರಲ್ಲಿ ದಿಣ್ಣೆ. ಫಾದರ್‌ನಿಂದ ‘ಮದರ್’, ಮದರ್‌ನಿಂದ ಒತ್ತುವ ಅಚ್ಚು. ಮಾವನಿಗೆ ವಿವರಿಸಿದಾಗ, “ಅಪ್ಪನಿಂದ ಅಮ್ಮ, ಅಮ್ಮನಿಂದ ಮಕ್ಕಳು. ಅಜ್ಜ ಬರೀ ಹಾಡಿ ಹೋದದ್ದು” ಅಂದರು.

ಒತ್ತುವುದು ಹೇಗೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಲಸಿನ ಹಪ್ಪಳ ಒತ್ತಿದ್ದೀರಲ್ಲ? ಅದೇ. ಬಿಸಿ ಪ್ಲಾಸ್ಟಿಕ್ಕಿನ ಉಂಡೆ, ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ನಡುವೆ ಇಟ್ಟು ಅದುಮುವುದು. ವ್ಯತ್ಯಾಸ ಅಂದರೆ ಮಣೆಗೆ ಎಣ್ಣೆ ಸವರುವ ಬದಲು ಹಬೆ ಬಿಡುತ್ತಾರೆ, ಒತ್ತಿದ ಮೇಲೆ ನೀರು ಹಾಯಿಸಿ ತಣಿಸುತ್ತಾರೆ, ಅಂಚಿಗೆ ಬಂದದ್ದನ್ನು ಕತ್ತರಿಸುತ್ತಾರೆ. ನಡುವಿನ ಕಾಗದದ ಲೇಬಲ್ಲಿಗೆ ಗೋಂದು ಹಚ್ಚುವುದಿಲ್ಲ, ಬಿಸಿಗೂ ಒತ್ತಡಕ್ಕೂ ಅದು ತಾನೇ ಅಂಟಿಕೊಳ್ಳುತ್ತದೆ. ಅದಕ್ಕೆ ಮೊದಲು ಲೇಬಲ್ಲನ್ನು ಒಲೆಯಲ್ಲಿ ಗರಿಗರಿಯಾಗಿ ಒಣಗಿಸಬೇಕು. ಪಸೆ ಉಳಿದರೆ ಗುಳ್ಳೆ ಏಳುತ್ತದೆ. ಹಪ್ಪಳ ಸರಿಯಾಗಿ ಒಣಗದಿದ್ದರೆ ಏನಾಗುತ್ತದೆ ಅಂತ ಅತ್ತೆಯನ್ನು ಕೇಳಿ ನೋಡಿ.

ಎಡವಟ್ಟು ಆದದ್ದು ಇಲ್ಲಿ ಅಲ್ಲ. ಇದಕ್ಕೂ ಮೊದಲು.

ಹಾಡು ಮುಗಿದ ಮೇಲೆ ಲೇಬಲ್ಲಿನ ತನಕ ಒಂದು ಖಾಲಿ ಜಾಗ ಇರುತ್ತದಲ್ಲ, ನಯವಾಗಿ ಹೊಳೆಯುವುದು? ಅಲ್ಲಿ ಪ್ಲೇಟಿನ ನಂಬರನ್ನು ಕೊರೆಯುವವರು ಕೈಯಲ್ಲೇ ಗೀಚುತ್ತಾರೆ. ಬೇಕಾದರೆ ಬ್ಯಾಂಡಿನವರು ಒಂದೆರಡು ಮಾತು ಬರೆಸಬಹುದು. ಫಾರ್ಮಿನಲ್ಲಿ ಅದಕ್ಕೆ ಒಂದು ಕಾಲಮ್ಮೇ ಇತ್ತು. ನಾನು ‘ಸುಮ್ನೆ’ ಅಂತ ಬರೆಸಲು ಹೊರಟೆ, ಕನ್ನಡದಲ್ಲಿ. ರಬ್ಬರ್ ಸ್ಟಾಂಪಿನ ಹಾಗೆ ತಿರುಗಿಸಿ ಬರೆಯಬೇಕಾ ಅಂತ ಕೇಳಿದೆ. ಬೇಡವಂತೆ. ಅಪ್ಪ, ಅಮ್ಮ, ಅಚ್ಚು ಎಲ್ಲ ದಾಟಿ ಬರುವಾಗ ಅದು ಮತ್ತೆ ನೆಟ್ಟಗೇ ಆಗುತ್ತದೆ. ಬಿಳಿ ಹಾಳೆಯಲ್ಲಿ ಬಾಲ್ ಪೆನ್ನಿನಲ್ಲಿ ದುಂಡಗೆ ಬರೆದು ಫೋಟೊ ತೆಗೆದು ಕಳಿಸಿದೆ. ಬೋರ್ಡಿನ ಮೇಲೆ ಬರೆಯುವ ಹಾಗೆ.

ಕ್ರಿಸ್ಮಸ್ ರಜೆಯಲ್ಲಿ ಐದು ಪರೀಕ್ಷಾ ಪ್ಲೇಟುಗಳು ಬಂದವು. ಬಿಳಿ ಲೇಬಲ್, ಏನೂ ಬರೆದಿಲ್ಲ. ಇವನ್ನು ಕೇಳಿ ನಾವು ‘ಸರಿ’ ಅಂದ ಮೇಲೆಯೇ 300 ಒತ್ತುವುದು. ಕೊರಿಯರ್ ಹುಡುಗ ಡಬ್ಬ ಅಲ್ಲಾಡಿಸಿ, “ಚೇಚೀ, ಇದೆಂದಾ?” ಅಂತ ಕೇಳಿದ. ಪಾಟ್ಟಿನ ಪ್ಲೇಟು, ಹಾಡಿನದು, ಅಂದೆ. ಊಟದ ಪ್ಲೇಟು ಅಂದುಕೊಂಡನೋ ಏನೋ, “ಒಡೆದಿಲ್ಲ ಅಲ್ವಾ?” ಅಂದ.

ಮಾವನೇ ಮೊದಲು ಇಡಬೇಕು ಅಂತ ನಾವೆಲ್ಲ ಕಾದೆವು. ಅವರು ಕನ್ನಡಕ ಹಾಕಿ, ಪ್ಲೇಟು ಒರೆಸಿ, ಸೂಜಿ ಇಟ್ಟರು. ಸ್ಪೀಡು ಮಾತ್ರ 33ರಲ್ಲೇ ಉಳಿದಿತ್ತು. ಗಿಟಾರು ಆಮೆಯ ಹಾಗೆ ನಡೆಯಿತು, ನಡುವೆ ಒಂದು ಗಂಡಸಿನ ಧ್ವನಿ ಬಂತು. ಮಾವ ತಲೆದೂಗಿದರು. “ಭಾಗವತರು ಯಾರು?” ನನ್ನ ಧ್ವನಿ ಆ ಸ್ಪೀಡಿನಲ್ಲಿ ಅವರಿಗೆ ಹಿಡಿಸಿತ್ತು. 45ಕ್ಕೆ ತಿರುಗಿಸಿದ ಮೇಲೆ, “ಇದು ಶುರುವಾಗುವ ಮೊದಲೇ ಮುಗಿಯಿತಲ್ಲ” ಅಂದರು. ಆಮೇಲೆ ತಾವಾಗಿಯೇ ಮತ್ತೆ ಸೂಜಿ ಇಟ್ಟರು.

‘ಸ’ ಸರಿ ಇತ್ತು. ಇಡೀ ಹಾಡಿನಲ್ಲಿ ಒಂದೇ ಒಂದು, ‘ಬಸ್ಸು’ವಿನದು, ಸ್ವಲ್ಪ ಉರಿಯುತ್ತದೆ. ಅದು ಇರಲಿ, ಬಸ್ಸು ತಪ್ಪಿದವರಿಗೆ ಅಷ್ಟು ಉರಿ ಇದ್ದೇ ಇರುತ್ತದೆ.

ಮೂರನೇ ಪ್ಲೇಟಿನಲ್ಲಿ ‘ಟಿಕ್, ಟಿಕ್’ ಅಂತ ಬರುತ್ತಿತ್ತು. ಪ್ರತಿ ಸುತ್ತಿಗೆ ಒಂದು, ಒಂದೂಕಾಲು ಸೆಕೆಂಡಿಗೆ ಸ್ವಲ್ಪ ಮೇಲೆ. ತಮ್ಮ ಅದರ ತಾಳ ಹಿಡಿದು, “ಅಕ್ಕ, ಇದು ಹಾಡಿಗಿಂತ ಕರೆಕ್ಟಾಗಿ ಉಂಟು” ಅಂದ. ಐದನ್ನೂ ಕೇಳಿ ನೋಡಿದೆವು. ಒಂದರಲ್ಲಿ ಮಾತ್ರ ಇದ್ದರೆ ಒತ್ತುವಾಗ ಆದ ಕಸರು, ಐದರಲ್ಲೂ ಒಂದೇ ಜಾಗದಲ್ಲಿ ಇದ್ದರೆ ಅಚ್ಚಿನ ದೋಷ. ಒಂದರಲ್ಲೇ ಇತ್ತು. ಬಚಾವ್.

ಆಗ ನಾದಿನಿ ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಳು. “ಅತ್ತಿಗೆ, ಇಲ್ಲಿ ನೋಡಿ.”

ಹೊಳೆಯುವ ಖಾಲಿ ಜಾಗದಲ್ಲಿ, ಕೂದಲೆಳೆಯ ಗೆರೆಯಲ್ಲಿ, ತುಂಬ ಜಾಗ್ರತೆಯಿಂದ ಬರೆದಿದ್ದರು: ‘ಸುಮೆ’.

ನ ಒತ್ತು ಇಲ್ಲ. ‘ಮೆ’ಯ ಕೆಳಗೆ ನಾನು ಬರೆದದ್ದು ಅವರಿಗೆ ಪೆನ್ನಿನ ಶಾಯಿ ಸೋರಿದ ಹಾಗೆ ಕಂಡಿರಬೇಕು. ಪಾಪ, ಉಳಿದದ್ದನ್ನು ಎಷ್ಟು ಚಂದ ಬರೆದಿದ್ದರು! ‘ಸು’ವಿನ ಕೊಂಬು ನನ್ನ ಎಷ್ಟೋ ಮಕ್ಕಳಿಗಿಂತ ಚೆನ್ನಾಗಿತ್ತು. ತಿದ್ದಬೇಕಾದರೆ ಹೊಸ ತಟ್ಟೆ, ಹೊಸದಾಗಿ ಕೊರೆಯುವುದು, ಮತ್ತೆ ಬೆಳ್ಳಿ, ನಿಕಲ್ಲು. ಇನ್ನೊಂದು ಚೀಟಿ ಎತ್ತಬೇಕಿತ್ತು.

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದಾಗ ಮೇಣದ ಮೂಲ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಬರುತ್ತಿದ್ದವು. ಅಲ್ಲಿನವರು ಲೇಬಲ್ಲಿನಲ್ಲಿ ಹೆಸರು ತಪ್ಪಬಾರದು ಅಂತ ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ನೂರಿಪ್ಪತ್ತು ವರ್ಷ ಕಳೆದರೂ ನಾನು ಅಷ್ಟು ಬುದ್ಧಿ ಓಡಿಸಲಿಲ್ಲ. ‘ಆ ಆ ಆ’ ಬದಲು ‘ನ ಒತ್ತು ಇದೆ, ನ ಒತ್ತು ಇದೆ’ ಅಂತ ಹಾಡಬೇಕಿತ್ತು.

ಮೂರು ದಿನ ಯೋಚಿಸಿ ‘ಸರಿ’ ಅಂತ ಬರೆದೆ. ಬರೆಯುವಾಗ ಕೈ ಕೆಂಪು ಪೆನ್ನು ಹುಡುಕುತ್ತಿತ್ತು.

ಮಾರ್ಚಿಗೆ ಬರಬೇಕಾದ ಡಬ್ಬಗಳು ಬಂದದ್ದು ಜೂನ್ ಎರಡನೇ ವಾರ. ಕಸ್ಟಮ್ಸ್‌ನಲ್ಲಿ ಏನೇನೋ ಕಾಗದ ಕೇಳಿದರು, ಕೊಟ್ಟೆವು, ಮತ್ತೆ ಕೇಳಿದರು, ಮತ್ತೆ ಕೊಟ್ಟೆವು. ಆ ಕಥೆ ಯಾರಿಗೂ ಬೇಡ. 300 ಪ್ಲೇಟು, ಕವರು, ರಟ್ಟು ಎಲ್ಲ ಸೇರಿ ಮೂರು ಡಬ್ಬ, ಜಡಿಮಳೆಯಲ್ಲಿ ಆಟೋದಿಂದ ಇಳಿಸಿ ಟಾರ್ಪಾಲಿನ ಕೆಳಗೆ ಓಡಿಸಿದೆವು.

ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಕಾಗದದ ಕವರು ಇಟ್ಟುಕೊಳ್ಳುವುದು ಇನ್ನೊಂದು ಕೆಲಸ. ಪ್ಲೇಟಿಗೆ ನೀರು ಏನೂ ಮಾಡುವುದಿಲ್ಲ, ಕವರಿಗೆ ಬೂಸ್ಟು ಹಿಡಿಯುತ್ತದೆ. ಬಿಸಿಲಾದರೆ ಉಲ್ಟಾ, ಕವರು ಹುಷಾರು, ಪ್ಲೇಟು ಸೊಟ್ಟಗಾಗುತ್ತದೆ. ಮಲಗಿಸಿ ಪೇರಿಸಬಾರದು, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಬೇಕು. ಕೊನೆಗೆ ಅತ್ತೆಯೇ ಅಡುಗೆ ಮನೆಯ ಅಟ್ಟದಲ್ಲಿ ಜಾಗ ಮಾಡಿಕೊಟ್ಟರು. ಒಲೆಯ ಬಿಸಿಗೆ ಅಲ್ಲಿ ಪಸೆ ನಿಲ್ಲುವುದಿಲ್ಲ. ಹಪ್ಪಳದ ಡಬ್ಬಗಳ ಪಕ್ಕ ನಮ್ಮ ಡಬ್ಬ. ಕೆಲವು ಕವರುಗಳಿಗೆ ಸ್ವಲ್ಪ ಹೊಗೆ ವಾಸನೆ ಬಂದಿದೆ. ಬೆಂಗಳೂರಿನಿಂದ ತರಿಸಿಕೊಂಡ ಒಬ್ಬರು ‘ಊರಿನ ವಾಸನೆ ಬಂತು’ ಅಂತ ಬರೆದರು. ಬೇಕಂತಲೇ ಮಾಡಿದ್ದು ಅಂತ ಉತ್ತರ ಕೊಟ್ಟಿಲ್ಲ, ಅಲ್ಲ ಅಂತಲೂ ಕೊಟ್ಟಿಲ್ಲ.

ಇಲ್ಲಿಯವರೆಗೆ 170 ಹೋಗಿದೆ. ಹೆಚ್ಚಿನವು ಮಂಗಳೂರು, ಬೆಂಗಳೂರು, ಕೊಚ್ಚಿಗೆ. ಕೊಚ್ಚಿಯವರಿಗೆ ಕನ್ನಡ ಬರುವುದಿಲ್ಲ, ಅವರಿಗೆ ‘ಸುಮ್ನೆ’ ಅಂದರೆ ‘ವೆರುದೆ’ ಅಂತ ಹೇಳಿಕೊಡುವುದು ಉಪ್ಪಳದ ಹುಡುಗನ ಕೆಲಸ.

ಒಂದು ಶುಕ್ರವಾರ ಪ್ಲೇಟನ್ನು ಶಾಲೆಗೆ ಒಯ್ದೆ. ಪ್ಲೇಯರ್ ಒಯ್ಯಲಿಲ್ಲ, ಮಾವ ಕೊಡಲಿಲ್ಲ. ಸುಮ್ನೆ ನೋಡಲಿ ಅಂತ ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಕೆಲವರು ಮೂಸಿದರು, ಒಬ್ಬಳು ಅದರಲ್ಲಿ ಮುಖ ನೋಡಿಕೊಂಡಳು. ಕೊನೆ ಬೆಂಚಿನ ಒಬ್ಬ ಹುಡುಗ ಮಾತ್ರ ಕಿಟಕಿಯ ಹತ್ತಿರ ಹೋಗಿ ಪ್ಲೇಟನ್ನು ಓರೆ ಮಾಡಿ ಹಿಡಿದು ಬಹಳ ಹೊತ್ತು ನಿಂತ. ಈ ವರ್ಷವಿಡೀ ಒತ್ತಕ್ಷರ ಬಿಟ್ಟದ್ದಕ್ಕೆ ನನ್ನಿಂದ ಅತಿ ಹೆಚ್ಚು ಬೈಗುಳ ತಿಂದವನು ಅವನು.

“ಟೀಚರ್,” ಅಂದ, “ನ ಒತ್ತು ಇಲ್ಲ.”

ಆ ಪ್ಲೇಟು ಅವನಿಗೇ ಕೊಟ್ಟೆ. ಅವನ ಮನೆಯಲ್ಲಿ ಪ್ಲೇಯರ್ ಇಲ್ಲ. ಗೋಡೆಗೆ ಆಣಿ ಹೊಡೆದು ನೇತು ಹಾಕಿದ್ದಾನಂತೆ, ನಡುವೆ ಹೇಗೂ ತೂತು ಇದೆಯಲ್ಲ.